ಸೊಲ್ಲು ಎತ್ತುವವರು

ಬೆಂಗಳೂರು-ಮೈಸೂರು ರಸ್ತೆಯಲ್ಲಿ ಓಡಾಡುವ ನಮಗೆ ಮದ್ದೂರು ಎಂದರೆ ವಡೆ, ಮಂಡ್ಯ ಎಂದರೆ ಕಬ್ಬು, ಮಳವಳ್ಳಿ ಎಂದರೆ ಶಿವನಸಮುದ್ರದ ಜಲಪಾತಕ್ಕೆ ಹೋಗುವಾಗ ಸಿಗುವ ಊರು. ತಂಬೂರಿ ಹಿಡಿದು ಬೆಳಗಾಗುವವರೆಗೆ ಹಾಡುವ ನೀಲಗಾರರ ಬಾಯಲ್ಲಿ ಇದೇ ಸೀಮೆಗೆ ಬೇರೆಯೇ ಒಂದು ನಕಾಶೆಯಿದೆ.

ಆ ನಕಾಶೆಯಲ್ಲಿ ಮದ್ದೂರು ತಾಲ್ಲೂಕಿನ ನಿಡಘಟ್ಟ ಕೆಂಪಾಚಾರಿಯ ಊರು. ಪಾಂಚಾಳರ ಮನೆಯ ಹುಡುಗ. ಬೆಂಕಿ, ತಿದಿ, ಸುತ್ತಿಗೆಗಳ ನಡುವೆ ಬೆಳೆದವನು. ಅವನನ್ನು ಶಿಶುಮಗನಾಗಿ ಕೊಡಿ ಎಂದು ಮಂಟೇಸ್ವಾಮಿ ಕೇಳುತ್ತಾರೆ. ಹೆತ್ತವರು ಒಪ್ಪುವುದಿಲ್ಲ. ಬಹಳ ಸಂಕಟಗಳ ನಂತರ ಹುಡುಗ ಗುರುವಿನ ಪಾಲಾಗಿ ಸಿದ್ಧಪ್ಪಾಜಿಯಾಗುತ್ತಾನೆ. ಆಗ ಗುರು ಒಪ್ಪಿಸುವ ಕೆಲಸ ನೋಡಿ: ಮಳವಳ್ಳಿ ತಾಲ್ಲೂಕಿನ ಹಲಗೂರಿಗೆ ಹೋಗಿ ಕಬ್ಬಿಣದ ಭಿಕ್ಷೆ ತರಬೇಕು. ಹಲಗೂರಿನ ಪಾಂಚಾಳರು ಸಿದ್ಧಪ್ಪಾಜಿಯ ಕುಲದವರೇ. ಆದರೂ ಕಬ್ಬಿಣ ಕೊಡಲು ಅವರಿಗೆ ಮನಸ್ಸಿಲ್ಲ. ವಿಷ ಇಕ್ಕಿ ಪರೀಕ್ಷಿಸುತ್ತಾರೆ. ಸಿದ್ಧಪ್ಪಾಜಿ ಅದನ್ನೂ ಗೆಲ್ಲುತ್ತಾರೆ. ಮುಂದಿನ ಕಥೆಯಲ್ಲಿ ಒಬ್ಬೊಬ್ಬ ಹಾಡುಗಾರರದು ಒಂದೊಂದು ದಾರಿ, ಆದರೆ ಕೊನೆಗೆ ಕಬ್ಬಿಣ ಹಲಗೂರು ಬಿಟ್ಟು ಹೊರಡುತ್ತದೆ.

ಈ ಪ್ರಸಂಗ ನಮ್ಮನ್ನು ಮತ್ತೆ ಮತ್ತೆ ಕಾಡುತ್ತದೆ. ಕಬ್ಬಿಣವೆಂದರೆ ನೇಗಿಲಿನ ಗುಳ, ಕುಡುಗೋಲು, ಕತ್ತಿ. ಅದನ್ನು ಕೈಯಲ್ಲಿಟ್ಟುಕೊಂಡವರ ಬಾಗಿಲಿಗೆ ಅವರದೇ ಮನೆಯ ಮಗನನ್ನು ಜೋಳಿಗೆ ಹಾಕಿ ಕಳಿಸುವ ಗುರು ಸಾಮಾನ್ಯನಲ್ಲ. ಕುಲದ ವಿದ್ಯೆ ಕುಲದ ಗುಟ್ಟಾಗಿ ಉಳಿಯಬಾರದು ಎಂಬ ಹಟ ಇದರಲ್ಲಿದೆ ಎಂದೇ ನಾವು ಓದಿಕೊಂಡಿದ್ದೇವೆ.

ಮಂಟೇಸ್ವಾಮಿ 15-16ನೇ ಶತಮಾನದವರೆಂದು ವಿದ್ವಾಂಸರು ಹೇಳುತ್ತಾರೆ. ಅವರ ಗದ್ದಿಗೆ ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿದೆ. ಸಿದ್ಧಪ್ಪಾಜಿಯವರದು ಚಾಮರಾಜನಗರ ಜಿಲ್ಲೆಯ ಚಿಕ್ಕಲ್ಲೂರಿನಲ್ಲಿ. ನೀಲಗಾರರಲ್ಲಿ ಹೆಚ್ಚಿನವರು ದಲಿತರು, ಬೇರೆ ಜಾತಿಯ ಒಕ್ಕಲುಗಳೂ ಉಂಟು. ಹಾಡುವ ಹಕ್ಕು ದೀಕ್ಷೆಯಿಂದ ಬರುತ್ತದೆ. ದೀಕ್ಷೆಯಾದ ಮೇಲೆ ಭಿಕ್ಷೆ, ಹಿರಿಯರ ಹಿಂದೆ ವರ್ಷಗಟ್ಟಲೆ ತಿರುಗಾಟ. ಮುಖ್ಯ ಹಾಡುಗಾರನ ಹೆಗಲಿಗೆ ತಂಬೂರಿ, ಜೊತೆಗೆ ಗಗ್ಗರ, ಡಕ್ಕಿ, ತಾಳ. ಅವನು ಸಾಲು ಬಿಟ್ಟಾಗ ಹಿಮ್ಮೇಳ ಸೊಲ್ಲು ಎತ್ತುತ್ತದೆ, ಕೂತವರೂ ದನಿಗೂಡಿಸುತ್ತಾರೆ. ಕೇಳುವವರು ಮಂಕಾದರೆ ಕಥೆಯೂ ಮಂಕಾಗುತ್ತದೆ.

ಉರ್ದು ಮುಷಾಯಿರಾ ಕೇಳಿ ಬೆಳೆದ ನಮಗೆ ಇದು ಪರಿಚಿತ ಸಂಗತಿ. ಅಲ್ಲಿಯೂ ಶಾಯರ್ ಮೊದಲ ಮಿಸ್ರಾ ಹೇಳಿದ ಕೂಡಲೇ ಸಭೆ ಅದನ್ನು ಎತ್ತಿ ಹಿಡಿಯಬೇಕು; ಎರಡನೆಯ ಸಾಲು ಹೊರಬರುವುದು ಆ ಮೇಲೆ. 'ಮಿಸ್ರಾ ಉಠಾನಾ' ಎನ್ನುತ್ತಾರೆ. ಅಲ್ಲಿ ಮಿಸ್ರಾ, ಇಲ್ಲಿ ಸೊಲ್ಲು. ಎತ್ತುವವರಿಲ್ಲದೆ ಎರಡೂ ನೆಲಕ್ಕೆ ಬೀಳುತ್ತವೆ.

ಜೀ.ಶಂ. ಪರಮಶಿವಯ್ಯ, ಪಿ.ಕೆ. ರಾಜಶೇಖರ, ಹಿ.ಚಿ. ಬೋರಲಿಂಗಯ್ಯ ಮೊದಲಾದವರು ಈ ಪರಂಪರೆಯನ್ನು ಅಧ್ಯಯನಕ್ಕೆ, ಅಚ್ಚಿಗೆ ತಂದರು. ದೊಡ್ಡ ಉಪಕಾರ. ಎಚ್.ಎಸ್. ಶಿವಪ್ರಕಾಶರು 'ಮಂಟೇಸ್ವಾಮಿ ಕಥಾಪ್ರಸಂಗ' ನಾಟಕ ಬರೆದರು. ಮಳವಳ್ಳಿ ಮಹದೇವಸ್ವಾಮಿಯವರ ಕ್ಯಾಸೆಟ್ಟುಗಳು ಕಥೆಯನ್ನು ಚಹಾದಂಗಡಿಗೂ ಟ್ರ್ಯಾಕ್ಟರಿಗೂ ಮುಟ್ಟಿಸಿದವು. ಆದರೆ ಅಚ್ಚಿನ ಪುಟದಲ್ಲಿ ಸೊಲ್ಲು ಒಮ್ಮೆ ಬಂದರೆ ಸಾಕು. ಕ್ಯಾಸೆಟ್ಟಿಗಂತೂ ಕೇಳುಗನ ಹಂಗೇ ಇಲ್ಲ.

ಈಗ ಒಂದು ದಿನದ ಜಾನಪದ ಶಿಬಿರಗಳ ಕಾಲ. ಬೆಳಿಗ್ಗೆ ಹಾಡಿನ ತರಬೇತಿ, ಮಧ್ಯಾಹ್ನ ಕವಿಗೋಷ್ಠಿ, ಸಂಜೆ ಉಪನ್ಯಾಸ, ಕೊನೆಗೆ ಪ್ರಮಾಣಪತ್ರ. ನಾವು ಇದನ್ನು ಹಂಗಿಸುವುದಿಲ್ಲ. ಶಾಲೆಯ ಮಕ್ಕಳು ತಂಬೂರಿ ಮುಟ್ಟಿ ನೋಡಲು ಬೇರೆ ದಾರಿ ಎಲ್ಲಿದೆ? ತಕರಾರು ಇರುವುದು ವೇದಿಕೆಯ ಬಗ್ಗೆ. ನೀಲಗಾರರನ್ನು ಉದ್ಘಾಟನೆಗೆ ಹತ್ತು ನಿಮಿಷ ಹಾಡಿಸಿ, ಶಾಲು ಹೊದಿಸಿ ಇಳಿಸುತ್ತಾರೆ. ಮೈಕು ಹೊತ್ತು ಮುಳುಗುವವರೆಗೂ ಭಾಷಣಕಾರರ ಕೈಯಲ್ಲಿರುತ್ತದೆ. ವರ್ಷಗಟ್ಟಲೆ ತಿರುಗಿ ಕಲಿತವನು ಅಲ್ಲಿ ಪ್ರಾರ್ಥನೆಗೆ ಬಂದ ಅತಿಥಿ.

ಊಟದ ಮಾತೂ ಇದೆ. ಪುಷ್ಯದ ಬನದ ಹುಣ್ಣಿಮೆಗೆ ಶುರುವಾಗುವ ಐದು ದಿನದ ಚಿಕ್ಕಲ್ಲೂರು ಜಾತ್ರೆಯಲ್ಲಿ ಪಂಕ್ತಿಸೇವೆಯೇ ದೊಡ್ಡದು. ಮಾಂಸದಡುಗೆ ಮಾಡಿ, ಜಾತಿ ಕೇಳದೆ ಸಾಲಾಗಿ ಕೂತು ಉಣ್ಣುವ ಸೇವೆ. ಪ್ರಾಣಿಬಲಿ ನಿಷೇಧದ ಹೆಸರಿನಲ್ಲಿ ಆಡಳಿತ ಇದನ್ನು ತಡೆಯಲು ಹೊರಟಾಗ ಒಕ್ಕಲುಗಳು ಹೇಳಿದ್ದು, ಇದು ಬಲಿಯಲ್ಲ, ಊಟ ಎಂದು. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ನಡೆದ 87ನೇ ಸಾಹಿತ್ಯ ಸಮ್ಮೇಳನದಲ್ಲಿ ಬಾಡೂಟಕ್ಕಾಗಿ ಹೋರಾಟ ನಡೆದಾಗ ದೂರದೂರಿನವರಿಗೆ ಅದು ತಮಾಷೆಯಾಗಿ ಕಂಡಿರಬಹುದು. ಚಿಕ್ಕಲ್ಲೂರಿಗೆ ಗಾಡಿ ಕಟ್ಟಿದ ಸೀಮೆಯವರಿಗೆ ಹಾಗೆ ಕಂಡಿರಲಾರದು. ಅಲ್ಲಿ ಕಥೆ ಹೇಳಿದವನೂ ಸೊಲ್ಲು ಎತ್ತಿದವನೂ ಒಂದೇ ಸಾಲಿನಲ್ಲಿ ಉಂಡೇ ಏಳುತ್ತಿದ್ದರು.

ಶಿಬಿರ ಮಾಡುವವರಲ್ಲಿ ನಮ್ಮದೊಂದು ಕೋರಿಕೆ. ಮುಂದಿನ ಸಲ ಹಲಗೂರಿನ ಕಥೆಯನ್ನೇ ಇಡಿ, ಸಂಜೆ ಶುರುಮಾಡಿ. ಕುರ್ಚಿ ತೆಗೆದು ಚಾಪೆ ಹಾಸಿ. ಮಕ್ಕಳಿಗೆ ಹಾಡುವುದಕ್ಕಿಂತ ಮೊದಲು ಸೊಲ್ಲು ಎತ್ತುವುದನ್ನು ಕಲಿಸಿ, ಉಪನ್ಯಾಸಕರನ್ನೂ ಅವರ ಜೊತೆಗೇ ಕೂರಿಸಿ.