ವೀರಸ್ಮರಣೆಯೂ ಶತ್ರುಸಾಕ್ಷ್ಯವೂ

ಗದಗ ಜಿಲ್ಲೆಯ ನರೇಗಲ್ಲಿನ ವಿಶಾಲವಾದ ಬಸದಿಯು ಕ್ರಿ. ಶ. 950ರ ಸುಮಾರಿಗೆ ಗಂಗ ಪೆರ್ಮಾಡಿ ಬೂತುಗನ ರಾಣಿಯಾದ ಪದ್ಮಬ್ಬರಸಿಯಿಂದ ಕಟ್ಟಿಸಲ್ಪಟ್ಟಿತೆಂಬದು ವಾಚಕರಿಗೆ ವಿದಿತವೇ ಇದೆ. ಅದೇ ಕಾಲಕ್ಕೆ ಈ ಬೂತುಗನು ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಪರವಾಗಿ ತಕ್ಕೋಲದಲ್ಲಿ ಕಾದಿ, ಚೋಳ ರಾಜಾದಿತ್ಯನನ್ನು ಕೊಂದನು. ಆ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನು ಕಾಳಿಯೆಂಬ ಬೇಟೆನಾಯನ್ನು ಬಹುಮಾನವಾಗಿ ಪಡೆದ ಸಂಗತಿಯು ಆತಕೂರಿನ ಕಲ್ಲಿನಿಂದ ತಿಳಿದುಬರುವದು.

ಆದರೆ ಗೆದ್ದವರ ಶಾಸನವು ಗೆದ್ದವರನ್ನು ಹೊಗಳುವದು ಸಹಜವಷ್ಟೆ. ಅದಕ್ಕೆ ಪ್ರಾಮಾಣ್ಯವೆಲ್ಲಿಯದು? ಉತ್ತರವನ್ನು ಚೋಳರೇ ಕೊಟ್ಟಿರುವರು. ಲೈಡನ್ನಿನಲ್ಲಿರುವ ಅವರ ತಾಮ್ರಪಟಗಳು, ರಾಜಾದಿತ್ಯನು ಆನೆಯ ಮೇಲಿದ್ದಾಗಲೇ ಕೃಷ್ಣರಾಜನ ಬಾಣಗಳಿಂದ ಮಡಿದನೆಂದು ಒಪ್ಪಿಕೊಳ್ಳುತ್ತವೆ. ಕೊಂದವನಾರೆಂಬಲ್ಲಿ ಭೇದವಿದ್ದರೂ ಮರಣದಲ್ಲಿ ವಿವಾದವಿಲ್ಲ. ತನಗೆ ಪ್ರತಿಕೂಲವಾದುದನ್ನು ಹೇಳುವವನ ಮಾತು ಬಲವತ್ತರವಾದ ಪ್ರಮಾಣವು.

ಈ ನ್ಯಾಯಕ್ಕೆ ನಮ್ಮ ಕಾಲದ ಉದಾಹರಣೆಯೊಂದುಂಟು. 1932ರಲ್ಲಿ ಜನಿಸಿದ ಕೊಡಗಿನ ಅಜ್ಜಮಾಡ ಬೋಪಯ್ಯ ದೇವಯ್ಯನವರು ಭಾರತೀಯ ವಾಯುಪಡೆಯಲ್ಲಿ ಸ್ಕ್ವಾಡ್ರನ್ ಲೀಡರರಾಗಿದ್ದರು. 1965ರ ಸೆಪ್ಟೆಂಬರ್ 7ರ ಬೆಳಗಿನ ಜಾವ, ಬಾಂಬುದಾಳಿಗೂ ಕಾದಾಟಕ್ಕೂ ಒದಗುವ ಮಿಸ್ಟೇರ್ ವಿಮಾನಗಳ ಪಡೆಯೊಂದು ಸರಗೋಧಾ ನೆಲೆಯ ಮೇಲೆ ದಾಳಿಗೆ ಹೊರಟಿತು. ದೇವಯ್ಯನವರು ಮೀಸಲು ಚಾಲಕರು. ಒಂದು ವಿಮಾನವು ಹಿಂದುಳಿದುದರಿಂದ ಪಡೆಯನ್ನು ಕೂಡಿಕೊಂಡರು. ಅವರು ಮರಳಲಿಲ್ಲ. ಅವರ ಅಂತ್ಯವನ್ನು ಸಂಗಡಿಗರಾರೂ ಕಂಡಿರಲಿಲ್ಲ. ಆದುದರಿಂದ ನಮ್ಮ ದಾಖಲೆಗೆ ಅವರು ಕಾಣೆಯಾದವರು ಮಾತ್ರ.

1979ರಲ್ಲಿ ಪ್ರಕಟವಾದ ಜಾನ್ ಫ್ರಿಕರ್ ಎಂಬ ಆಂಗ್ಲ ಲೇಖಕನ ಗ್ರಂಥವು ಪಾಕಿಸ್ತಾನದ ಪಕ್ಷದ ವೃತ್ತಾಂತವನ್ನು ಹೊರಗೆಡಹಿತು. ಅಮ್ಜದ್ ಹುಸೇನನ ಸ್ಟಾರ್‌ಫೈಟರ್ ವಿಮಾನವು ಒಂದು ಮಿಸ್ಟೇರಿಗೆ ಪೆಟ್ಟುಕೊಟ್ಟಿತು. ಪೆಟ್ಟುತಿಂದ ಆ ಮಿಸ್ಟೇರು ಪಲಾಯನ ಮಾಡದೆ ತಿರುಗಿ ಕಾದಿತು. ತನಗಿಂತ ಬಹು ವೇಗದ ಆ ವಿಮಾನವನ್ನು ಕೆಡವಿತು. ಹುಸೇನನು ಹೊರಜಿಗಿದು ಬದುಕಿದನು. ಆ ಮಿಸ್ಟೇರಿನ ಚಾಲಕನಾರು? ಅಂದಿನ ಬೆಳಗಿನ ಆ ಪಡೆಯಲ್ಲಿ ಹಿಂದಿರುಗದವರು ದೇವಯ್ಯನವರೊಬ್ಬರೇ. ನೈಯಾಯಿಕರು ಪರಿಶೇಷಾನುಮಾನವೆಂದು ಕರೆಯುವ ಕ್ರಮದಿಂದ ಉತ್ತರವು ನಿಶ್ಚಿತವಾಯಿತು. 1988ರಲ್ಲಿ, ಎಂದರೆ 23 ವರ್ಷಗಳ ತರುವಾಯ, ಅವರಿಗೆ ಮರಣೋತ್ತರವಾಗಿ ಮಹಾವೀರಚಕ್ರವು ಸಲ್ಲಿತು.

ಇಲ್ಲಿ ಇತಿಹಾಸಜ್ಞರು ಗಮನಿಸತಕ್ಕದ್ದು ಎರಡು. ಸ್ವಪಕ್ಷದ ಮೌನವು ಅಭಾವಕ್ಕೆ ಪ್ರಮಾಣವಲ್ಲ. ಹೇಳುವವರಿಲ್ಲದ ಮಾತ್ರಕ್ಕೆ ಶೌರ್ಯವು ನಡೆಯಲಿಲ್ಲವೆಂದಾಗದು. ಮತ್ತು ಪರಪಕ್ಷದ ಬರಹವನ್ನು ದ್ವೇಷದಿಂದ ದೂರವಿಡುವವನು ತನ್ನ ವೀರನನ್ನೇ ಕಳೆದುಕೊಳ್ಳುವನು. ಆತಕೂರಿನಲ್ಲಿ ಕಲ್ಲು ಮೊದಲು, ಶತ್ರುಸಾಕ್ಷ್ಯವು ಬಳಿಕ. ದೇವಯ್ಯನವರಲ್ಲಿ ಶತ್ರುಸಾಕ್ಷ್ಯವು ಮೊದಲು, ಗೌರವವು ಬಳಿಕ. ಕ್ರಮವು ಬೇರೆಯಾದರೂ ಸಿದ್ಧಾಂತವು ಒಂದೇ. ಕಾಣೆಯಾದವರೆಂದು ಒಂದೇ ಪದದಲ್ಲಿ ಮುಗಿಸಿದ ಹೆಸರುಗಳನ್ನು ಎರಡೂ ಕಡೆಯ ಬರಹಗಳಲ್ಲಿ ಅರಸುವದು ಸಂಶೋಧಕರ ಋಣವು.