ಸಕ್ಕರೆಯ ಲೆಕ್ಕ, ಕೊಬ್ಬಿನ ಲೆಕ್ಕ

ನಮ್ಮ ವೈದ್ಯಕೀಯ ಕಾಲೇಜುಗಳ ಜೀವರಸಾಯನ ವಿಭಾಗಗಳಲ್ಲಿ ಎಂ.ಡಿ. ಪ್ರಬಂಧಕ್ಕೆ ಎಂದೂ ಬತ್ತದ ವಿಷಯವೊಂದಿದೆ: ಮಧುಮೇಹಿಗಳ ಎಚ್‌ಬಿಎ1ಸಿಗೂ ಲಿಪಿಡ್ ಪ್ರೊಫೈಲಿಗೂ ಇರುವ ಸಂಬಂಧ. ಒಮ್ಮೆ ರಕ್ತ ತೆಗೆದು ಎರಡನ್ನೂ ಅಳೆಯುತ್ತಾರೆ. ಎ1ಸಿ ಏರಿದವರಲ್ಲಿ ಟ್ರೈಗ್ಲಿಸರೈಡೂ ಏರಿರುತ್ತದೆ. ಅಲ್ಲಿಯವರೆಗೆ ತಕರಾರಿಲ್ಲ. ಆದರೆ ಎ1ಸಿಯೇ ಕೊಬ್ಬಿನ ಸೂಚಕವೂ ಹೌದು, ಸಕ್ಕರೆ ಹತೋಟಿಗೆ ಬಂದರೆ ಕೊಬ್ಬು ತಾನಾಗಿ ದಾರಿಗೆ ಬರುತ್ತದೆ ಎಂಬ ಮಾತು ಈಗ ಸಲೀಸಾಗಿ ಓಡಾಡುತ್ತಿದೆ. ಈ ಕ್ಷೇತ್ರ ನಡೆದುಬಂದ ಬಗೆ ಅದನ್ನು ಒಪ್ಪುವುದಿಲ್ಲ.

ಆರಂಭದ ಕತೆ ಚಿಕ್ಕದು. ಇನ್ಸುಲಿನ್ ಬಂದ ಮೇಲೆ ಕೋಮಾದಿಂದ ಪಾರಾದ ಮಧುಮೇಹಿಗಳು ಹೃದ್ರೋಗಕ್ಕೆ ಸಿಕ್ಕಿಬಿದ್ದರು; ಬಾಸ್ಟನ್ನಿನ ಎಲಿಯಟ್ ಜಾಸ್ಲಿನ್ 1927ರಲ್ಲೇ ಅದಕ್ಕೆ ಕೊಬ್ಬನ್ನು ದೂರಿದ್ದರು. 1948ರಲ್ಲಿ ಶುರುವಾದ ಫ್ರೇಮಿಂಗ್‌ಹ್ಯಾಮ್ ಅಧ್ಯಯನ ಕೊಲೆಸ್ಟರಾಲನ್ನು ಮನೆಮಾತು ಮಾಡಿತು. ಸಕ್ಕರೆಗೆ ನೆಚ್ಚುವಂಥ ಅಳತೆ ಸಿಕ್ಕಿದ್ದು ತಡವಾಗಿ. ಟೆಹರಾನಿನ ಸ್ಯಾಮುಯೆಲ್ ರಹಬಾರ್ 1968ರಲ್ಲಿ ಮಧುಮೇಹಿಗಳಲ್ಲಿ ಬೇರೆ ಬಗೆಯ ಹಿಮೋಗ್ಲೋಬಿನ್ ಕಂಡರು. ಅದು ಸಕ್ಕರೆಯ ಹತೋಟಿಯನ್ನು ಹೇಳುತ್ತದೆಂದು 1976ರಲ್ಲಿ ಸೆರಾಮಿಯವರ ತಂಡ ತೋರಿಸಿತು. ರೋಗಿಗಳು ‘ಮೂರು ತಿಂಗಳ ಸಕ್ಕರೆ’ ಎನ್ನುವ ಎಚ್‌ಬಿಎ1ಸಿ ಇದೇ.

ನಮ್ಮ ಪೀಳಿಗೆ ಪ್ರಯೋಗಾಲಯಕ್ಕೆ ಬಂದಾಗ ಎಲ್‌ಡಿಎಲ್ ಅಳೆಯುವ ವಸ್ತುವಾಗಿರಲಿಲ್ಲ, ಕಾಗದದ ಮೇಲೆ ಕಳೆದು ತೆಗೆಯುವ ಸಂಖ್ಯೆಯಾಗಿತ್ತು. 1972ರ ಫ್ರೀಡ್‌ವಾಲ್ಡ್ ಸೂತ್ರದಂತೆ ಒಟ್ಟು ಕೊಲೆಸ್ಟರಾಲಿನಿಂದ ಎಚ್‌ಡಿಎಲ್ ಕಳೆಯಬೇಕು, ಟ್ರೈಗ್ಲಿಸರೈಡಿನ ಐದನೇ ಒಂದು ಪಾಲನ್ನೂ ಕಳೆಯಬೇಕು. ಡೆಸಿಲೀಟರಿಗೆ 400 ಮಿಲಿಗ್ರಾಂ ದಾಟಿದ ಟ್ರೈಗ್ಲಿಸರೈಡಿಗೆ ಈ ಸೂತ್ರ ನಡೆಯುವುದಿಲ್ಲ. ಸಕ್ಕರೆ ಕೈಮೀರಿದವರ ಸೀರಮ್ಮೋ ಟ್ಯೂಬಿನಲ್ಲಿ ಬೆಳ್ಳಗೆ ಕದಡಿಕೊಂಡಿರುತ್ತಿತ್ತು. ಲೆಕ್ಕ ಯಾರಿಗೆ ಹೆಚ್ಚು ಬೇಕಿತ್ತೋ ಅವರಲ್ಲೇ ಕೈಕೊಡುತ್ತಿತ್ತು.

1988ರಲ್ಲಿ ಜೆರಾಲ್ಡ್ ರೀವನ್ ‘ಸಿಂಡ್ರೋಮ್ ಎಕ್ಸ್’ ಎಂದು ಹೆಸರಿಟ್ಟ ಮೇಲೆ ಚಿತ್ರ ತಿಳಿಯಾಯಿತು. ಇನ್ಸುಲಿನ್ನಿನ ಮಾತು ನಡೆಯದಾದಾಗ ಕೊಬ್ಬಿನ ಜೀವಕೋಶಗಳು ಕೊಬ್ಬಿನಾಮ್ಲಗಳನ್ನು ಬಿಟ್ಟುಕೊಡುತ್ತಲೇ ಇರುತ್ತವೆ. ಯಕೃತ್ತು ಅವನ್ನು ವಿಎಲ್‌ಡಿಎಲ್ ಮಾಡಿ ರಕ್ತಕ್ಕೆ ತಳ್ಳುತ್ತದೆ. ಅಲ್ಲಿ ನಡೆಯುವ ವಿನಿಮಯದಲ್ಲಿ ಎಚ್‌ಡಿಎಲ್ ಇಳಿಯುತ್ತದೆ, ಎಲ್‌ಡಿಎಲ್ ಕಣಗಳು ಸಣ್ಣವೂ ಸಾಂದ್ರವೂ ಆಗುತ್ತವೆ. ಒಂದೊಂದು ಕಣದಲ್ಲಿ ಕೊಲೆಸ್ಟರಾಲ್ ಕಡಿಮೆ, ಕಣಗಳು ಮಾತ್ರ ಹೆಚ್ಚು. ರಿಪೋರ್ಟಿನಲ್ಲಿ ಎಲ್‌ಡಿಎಲ್ ‘ನಾರ್ಮಲ್’ ಎಂದೇ ಬರುತ್ತದೆ. ಗೋದಾಮಿನ ಅಕ್ಕಿಯನ್ನು ಒಟ್ಟಿಗೆ ತೂಗಿ ಮೂಟೆಗಳೆಷ್ಟೆಂದು ಹೇಳಹೊರಟ ಹಾಗೆ. ಇಂಥ ಪ್ರತಿ ಕಣಕ್ಕೂ ಒಂದೇ ಒಂದು ಅಪೊಬಿ ಅಣು ಇರುವುದರಿಂದ ಅದನ್ನು ಅಳೆದರೆ ಕಣಗಳನ್ನೇ ಎಣಿಸಿದಂತಾಗುತ್ತದೆ. ಜೀವರಸಾಯನದವರು ಇದನ್ನು ಹೇಳುತ್ತಲೇ ಬಂದಿದ್ದಾರೆ. ವಾರ್ಡಿನವರಿಗೆ ಕೇಳಿಸಿದ್ದು ಕಡಿಮೆ.

ಆಮೇಲಿನದು ದೊಡ್ಡ ಪರೀಕ್ಷೆಗಳ ಕಾಲ. ಬ್ರಿಟನ್ನಿನ ಯುಕೆಪಿಡಿಎಸ್ 1998ರಲ್ಲಿ ಫಲಿತಾಂಶ ಕೊಟ್ಟಾಗ ಎಲ್ಲರೂ ಹೊತ್ತು ಮೆರೆಸಿದ್ದು ಬಿಗಿ ಹತೋಟಿಯನ್ನು. ಕಣ್ಣು, ಮೂತ್ರಪಿಂಡಗಳಿಗೆ ಅದು ನಿಜಕ್ಕೂ ಒಳಿತು ಮಾಡಿತ್ತು. ಹೃದಯಾಘಾತ 16% ಇಳಿದರೂ ಸಂಖ್ಯಾಶಾಸ್ತ್ರದ ಗೆರೆಯನ್ನು ಕೂದಲೆಳೆಯಲ್ಲಿ ತಪ್ಪಿತು. ಅದೇ ವರ್ಷ ಅದೇ ಅಧ್ಯಯನ ಹೃದ್ರೋಗದ ಅಪಾಯಗಳನ್ನು ಸಾಲಾಗಿ ನಿಲ್ಲಿಸಿತ್ತು: ಮೊದಲು ಎಲ್‌ಡಿಎಲ್, ಆಮೇಲೆ ಎಚ್‌ಡಿಎಲ್, ಮೂರನೆಯದು ಎ1ಸಿ. ಈ ಸಾಲನ್ನು ನೆನಪಿಟ್ಟವರು ಕಡಿಮೆ. 2004ರ ಕಾರ್ಡ್ಸ್ ಪರೀಕ್ಷೆಯಲ್ಲಿ ದಿನಕ್ಕೆ 10 ಮಿಲಿಗ್ರಾಂ ಅಟೋರ್ವಾಸ್ಟಾಟಿನ್ ಮಧುಮೇಹಿಗಳ ಹೃದಯಾಘಾತ, ಪಾರ್ಶ್ವವಾಯುಗಳಂಥ ಪ್ರಮುಖ ಘಟನೆಗಳನ್ನು 37% ಇಳಿಸಿತು. ಪರೀಕ್ಷೆಯನ್ನು ಅವಧಿಗೆ ಮುಂಚೆಯೇ ನಿಲ್ಲಿಸಬೇಕಾಯಿತು. ಸ್ಟಾಟಿನ್ ಸಕ್ಕರೆಯನ್ನು ತುಸು ಏರಿಸುವುದುಂಟು, ಆದರೂ ಹೃದಯವನ್ನು ಕಾಯುತ್ತದೆ. ಎರಡೂ ಒಂದೇ ಲೆಕ್ಕವಲ್ಲ ಎನ್ನಲು ಇನ್ನೇನು ಬೇಕು? 2008ರಲ್ಲಿ ಅಕಾರ್ಡ್ ಪರೀಕ್ಷೆಯ ಅತಿ ಬಿಗಿ ಹತೋಟಿಯ ಗುಂಪಿನಲ್ಲಿ ಸಾವುಗಳೇ ಹೆಚ್ಚಾದವು.

ಟ್ರೈಗ್ಲಿಸರೈಡೊಂದನ್ನೇ ಬೆನ್ನಟ್ಟಿದವರಿಗೂ ಸೋಲೇ ಆಯಿತು. ಹತ್ತು ಸಾವಿರಕ್ಕೂ ಹೆಚ್ಚು ಮಧುಮೇಹಿಗಳ ಮೇಲೆ ನಡೆದ 2022ರ ಪ್ರಾಮಿನೆಂಟ್ ಪರೀಕ್ಷೆಯಲ್ಲಿ ಪೆಮಾಫೈಬ್ರೇಟ್ ಟ್ರೈಗ್ಲಿಸರೈಡನ್ನು ಕಾಲು ಭಾಗದಷ್ಟು ಇಳಿಸಿತು, ಹೃದಯಕ್ಕೆ ಏನೂ ಉಪಯೋಗವಾಗಲಿಲ್ಲ. ಅಪೊಬಿ ಇಳಿಯುವ ಬದಲು ಕೊಂಚ ಏರಿತ್ತು. ಟ್ರೈಗ್ಲಿಸರೈಡನ್ನು ಎಚ್‌ಡಿಎಲ್‌ನಿಂದ ಭಾಗಿಸಿ ಭವಿಷ್ಯ ನುಡಿಯುವ ಈಗಿನ ಗೀಳಿನವರು ಈ ಪುಟವನ್ನು ಓದಿದಂತಿಲ್ಲ.

ಭಾರತದಲ್ಲಿ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆ 2023ರಲ್ಲಿ ಹತ್ತು ಕೋಟಿ ದಾಟಿದ ಮಧುಮೇಹಿಗಳನ್ನು ಲೆಕ್ಕ ಹಾಕಿತು, ವಯಸ್ಕರಲ್ಲಿ 66.9% ಜನಕ್ಕೆ ಎಚ್‌ಡಿಎಲ್ ಕಡಿಮೆ, 32.1% ಜನಕ್ಕೆ ಟ್ರೈಗ್ಲಿಸರೈಡ್ ಹೆಚ್ಚು. ಪತ್ರಿಕೆಗಳ ತಲೆಬರಹಕ್ಕೇರಿದ್ದು ಮೊದಲ ಸಂಖ್ಯೆ ಮಾತ್ರ. ನಮ್ಮ ಪ್ರಬಂಧಗಳಲ್ಲಿ ಅಪೊಬಿ ಅಪರೂಪ. ಕಬ್ಬಿಣದ ಕೊರತೆಯಿಂದ ಎ1ಸಿ ಸುಳ್ಳೇ ಏರುತ್ತದೆಂದು ಗೊತ್ತಿದ್ದೂ, ರಕ್ತಹೀನತೆ ಇಷ್ಟೊಂದಿರುವ ನಾಡಿನಲ್ಲಿ ಹೆಂಗಸರ ಹಿಮೋಗ್ಲೋಬಿನ್ ನೋಡದೆ ಸಂಬಂಧ ಹೇಳುವವರಿದ್ದಾರೆ. ಅದೇ ರೋಗಿಗಳನ್ನು ಹತ್ತು ವರ್ಷದ ಮೇಲೆ ಮತ್ತೆ ಕರೆಸಿ ನೋಡುವವರಂತೂ ವಿರಳ, ಪ್ರಬಂಧದ ಅವಧಿ ಮುಗಿದಿರುತ್ತದೆ. ಆಗದ ಕೆಲಸವೇನಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆ 1934ರಿಂದ ಕಾಪಿಟ್ಟ ಹೆರಿಗೆ ದಾಖಲೆ ಹಿಡಿದು, ಅಲ್ಲಿ ಹುಟ್ಟಿದ 517 ಜನರನ್ನು ನಡುವಯಸ್ಸಿನಲ್ಲಿ ಹುಡುಕಿ ತೆಗೆದರು. ಕಡಿಮೆ ತೂಕದಲ್ಲಿ ಹುಟ್ಟಿದವರಿಗೆ ಹೃದ್ರೋಗ ಹೆಚ್ಚೆಂದು 1996ರಲ್ಲಿ ಜಗತ್ತಿಗೆ ತಿಳಿದದ್ದು ಆ ರಿಜಿಸ್ಟರುಗಳಿಂದ.