ಮೆಚ್ಚುಗೆಯ ಲೆಕ್ಕ: ಆತಕೂರಿನ ಕಲ್ಲು ಮತ್ತು ಅನುಭವದ ಅಂಕಗಳು

ಮೇಜಿನ ಸುತ್ತ ನಾಲ್ಕೈದು ಮಂದಿ ಕುಳಿತು, ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ವಹಿಸಿಕೊಂಡು, ದಾಳಗಳನ್ನು ಉರುಳಿಸುತ್ತ ಕಲ್ಪಿತ ಕಥೆಯೊಂದನ್ನು ಬೆಳೆಸುವ ಆಟವು ಇಂದು ನಮ್ಮ ನಗರಗಳ ಯುವಜನರಿಗೆ ಅಪರಿಚಿತವಲ್ಲ. ಅವರಲ್ಲೊಬ್ಬನು ಆಟದ ನಿರ್ವಾಹಕ. ಕೂಟದ ಕೊನೆಯಲ್ಲಿ ಅವನು ಪ್ರತಿಯೊಂದು ಪಾತ್ರಕ್ಕೂ 'ಅನುಭವದ ಅಂಕ'ಗಳನ್ನು ಹಂಚುತ್ತಾನೆ. ಅಂಕಗಳು ಗೊತ್ತಾದ ಮಿತಿಯನ್ನು ಮುಟ್ಟಿದಾಗ ಪಾತ್ರವು ಮೇಲಿನ ಮಟ್ಟಕ್ಕೆ ಏರುತ್ತದೆ. ಅದರ ಶಕ್ತಿ ಹೆಚ್ಚುತ್ತದೆ. ಇದು ಬಾಲಲೀಲೆಯೆಂದು ಹಿರಿಯರು ಸುಮ್ಮನಾಗಬಹುದು. ಆದರೆ ಯಾವ ಕಾರ್ಯಕ್ಕೆ ಅಂಕ ಸಲ್ಲುತ್ತದೆ ಎಂಬ ಪ್ರಶ್ನೆಯಲ್ಲಿ ಧರ್ಮವಿಚಾರ ಅಡಗಿದೆ.

ಈ ಬಗೆಯ ಆಟಗಳಿಗೆ ಮೂಲವೆನಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅದರ ಕರ್ತೃಗಳು. ಅಂದಿನ ನಿಯಮಗಳಲ್ಲಿ ಅಂಕಗಳಿಗೆ ಮುಖ್ಯವಾಗಿ ಎರಡು ಮೂಲಗಳಿದ್ದವು: ನೆಲಮಾಳಿಗೆಯಿಂದ ಹೊತ್ತು ತಂದ ಒಂದೊಂದು ಹೊನ್ನಿನ ನಾಣ್ಯಕ್ಕೆ ಒಂದೊಂದು ಅಂಕ, ಮತ್ತು ಸೋಲಿಸಿದ ಭಯಂಕರ ಪ್ರಾಣಿಗಳ ಬಲಕ್ಕೆ ತಕ್ಕಷ್ಟು ಅಂಕ. ಅಂದರೆ ಪರಿಗ್ರಹ ಮತ್ತು ಹಿಂಸೆ ಎರಡೂ ಏಣಿಯ ಮೆಟ್ಟಿಲುಗಳಾದವು. 1989ರ ಎರಡನೆಯ ಆವೃತ್ತಿಯಲ್ಲಿ ಹೊನ್ನಿಗೆ ಅಂಕ ಕೊಡುವುದು ಐಚ್ಛಿಕವಾಯಿತು. 2014ರ ಐದನೆಯ ಆವೃತ್ತಿಯ ಹೊತ್ತಿಗೆ, ಕಾದಾಟವಿಲ್ಲದೆ ಬಿಡಿಸಿದ ತೊಡಕಿಗೂ ಅಂಕ ಕೊಡುವ ಅವಕಾಶ, ಅಂಕಗಳನ್ನೇ ಕೈಬಿಟ್ಟು ಕಥೆಯ ಮುಖ್ಯ ಘಟ್ಟಗಳಲ್ಲಿ ಮಟ್ಟವನ್ನು ಏರಿಸುವ ಅವಕಾಶ ಇವೆರಡೂ ನಿಯಮಗ್ರಂಥದಲ್ಲಿ ಸೇರಿದವು. ಯಾವುದಕ್ಕೆ ಮೆಚ್ಚಬೇಕೆಂಬ ಶಂಕೆ ಆಟಗಾರರನ್ನೂ ಕಾಡಿತೆಂಬುದಕ್ಕೆ ಈ ಬದಲಾವಣೆಗಳೇ ಸಾಕ್ಷಿ.

ಸಾಹಸವನ್ನು ಮೆಚ್ಚಿ ಅದಕ್ಕೆ ಅಳತೆಯಿಟ್ಟು ಕೊಡುವ ಪದ್ಧತಿ ನಮ್ಮ ನೆಲಕ್ಕೆ ಹೊಸದಲ್ಲ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ವೀರಗಲ್ಲು ಇದಕ್ಕೆ ಉತ್ತಮ ನಿದರ್ಶನ. ಅದರ ಕಾಲ ಶಕ 872, ಅಂದರೆ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ಚೋಳರ ರಾಜಾದಿತ್ಯನು ಹತನಾದನು. ಸಂತುಷ್ಟನಾದ ರಾಷ್ಟ್ರಕೂಟ ಚಕ್ರವರ್ತಿ ಮುಮ್ಮಡಿ ಕೃಷ್ಣನು ಗಂಗರ ಇಮ್ಮಡಿ ಬೂತುಗನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಎಂಬ ನಾಡುಗಳನ್ನು ಕೊಟ್ಟನು. ಬೂತುಗನು ತನ್ನ ಪರವಾಗಿ ಹೋರಾಡಿದ ಮಣಲೆರನಿಗೆ ಬೇಡಿದ್ದನ್ನು ಕೇಳೆಂದನು. ಮಣಲೆರನು ಕೇಳಿದ್ದು ನಾಡನ್ನಲ್ಲ, ಹೊನ್ನನ್ನಲ್ಲ. 'ಕಾಳಿ' ಎಂಬ ಬೇಟೆನಾಯಿಯನ್ನು. ಖಡ್ಗವನ್ನು ತೊಳೆದ ಮರ್ಯಾದೆಯಾಗಿ, ಎಂದರೆ ಬಾಳ್ಗಚ್ಚಾಗಿ, ಆತಕೂರು 12 ಅವನಿಗೆ ಬಂದಿತು.

ಕೆಲಲೆನಾಡಿನಲ್ಲಿ ಆ ನಾಯಿಯನ್ನು ಹಿರಿಯ ಹಂದಿಯೊಂದರ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಸತ್ತವು. ಆತಕೂರಿನ ಚಲ್ಲೇಶ್ವರ ದೇಗುಲದ ಮುಂದೆ ನಾಯಿಗಾಗಿ ಕಲ್ಲು ನಿಂತಿತು. ಹಂದಿಯೂ ನಾಯಿಯೂ ಹೋರಾಡುವ ಶಿಲ್ಪ ಅದರಲ್ಲಿ ಮೂಡಿತು. ಪೂಜೆಗೆ ಭೂಮಿ ದತ್ತಿಯಾಯಿತು. ಶಾಸನದ ಕೊನೆಯ ಭಾಗದಲ್ಲಿ ಓದುಗರು ಗಮನಿಸಬೇಕಾದ ಮಾತೊಂದಿದೆ. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ, ನಾಯಿ ಮಾಡಿದ ಪಾಪ ಅವನಿಗೆ ತಗಲುವುದೆಂದು ಅಲ್ಲಿ ವಿಧಿಸಲಾಗಿದೆ. ನಾಯಿಯ ಶೌರ್ಯವನ್ನು ಹೊಗಳಿದ ಕಲ್ಲೇ ಅದರ ಕೃತ್ಯದಲ್ಲಿ ಪಾಪವಿತ್ತೆಂದೂ ಒಪ್ಪಿಕೊಳ್ಳುತ್ತದೆ. ಮೆಚ್ಚುಗೆಯ ಲೆಕ್ಕವೂ ಪಾಪದ ಲೆಕ್ಕವೂ ಒಂದೇ ಶಿಲೆಯ ಮೇಲಿವೆ. 1974ರ ನಿಯಮಗ್ರಂಥದಲ್ಲಿ ಇದ್ದುದು ಮೊದಲನೆಯ ಲೆಕ್ಕ ಮಾತ್ರ.

ಆತಕೂರಿನ ಕಲ್ಲು ನಿಂತು ಸುಮಾರು 170 ವರ್ಷಗಳಾದ ಮೇಲೆ ಅದೇ ಸೀಮೆಯಲ್ಲಿ ಇನ್ನೊಂದು ಮೆಚ್ಚುಗೆ ನಡೆಯಿತು. ಮದ್ದೂರು ತಾಲ್ಲೂಕಿನ ಅರೆತಿಪ್ಪೂರು ಪ್ರಾಚೀನ ಜೈನ ಕ್ಷೇತ್ರ. ಅಲ್ಲಿಯ ಬೆಟ್ಟದ ಮೇಲೆ ಬಾಹುಬಲಿಯ ವಿಗ್ರಹವಿದೆ. ಬಿ.ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ತಿಪ್ಪೂರಿನ ಶಾಸನವನ್ನು ಮಳವಳ್ಳಿ ತಾಲ್ಲೂಕಿನ ಶಾಸನಗಳೊಡನೆ ಪ್ರಕಟಿಸಿದರು. 1117ರ ಆ ಶಾಸನದ ಪ್ರಕಾರ, ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಚೋಳರಿಂದ ತಲಕಾಡನ್ನು ಗೆದ್ದುಕೊಟ್ಟಾಗ, ದೊರೆ ಮೆಚ್ಚಿ ವರವನ್ನು ಬೇಡೆಂದನು. ಗಂಗರಾಜನು ತಿಪ್ಪೂರನ್ನು ಬೇಡಿ ಪಡೆದು, ಅದನ್ನು ಮೇಘಚಂದ್ರ ಸಿದ್ಧಾಂತದೇವರಿಗೆ ಅರ್ಪಿಸಿದನು. ಮರುವರ್ಷ ಚಾಲುಕ್ಯ ಸೈನ್ಯದ ಮೇಲಿನ ಜಯಕ್ಕಾಗಿ ಬಂದ ಪರಮ ಗ್ರಾಮವನ್ನೂ ಅವನು ತನ್ನಲ್ಲಿ ಉಳಿಸಿಕೊಳ್ಳದೆ, ತಾಯಿ ಮತ್ತು ಪತ್ನಿ ಕಟ್ಟಿಸಿದ ಶ್ರವಣಬೆಳಗೊಳದ ಬಸದಿಗಳಿಗೆ ಬಿಟ್ಟನು. ಯುದ್ಧದಿಂದ ಬಂದ ಗಳಿಕೆ ಅವನ ಕೈಯಲ್ಲಿ ನಿಲ್ಲಲಿಲ್ಲ.

ಆಟದಲ್ಲಿ ಸಾಯುವವರು ಕಾಗದದ ಮೇಲಿನ ಕಲ್ಪಿತ ಜೀವಿಗಳಲ್ಲವೇ, ಅದರಲ್ಲಿ ಪಾಪವೇನು ಎಂದು ಮಕ್ಕಳು ಕೇಳಬಹುದು. ಈ ಪ್ರಶ್ನೆಯನ್ನು 1209ರಲ್ಲಿ ಜನ್ನಕವಿಯು 'ಯಶೋಧರ ಚರಿತೆ'ಯಲ್ಲಿ ಎದುರಿಸಿದ್ದಾನೆ. ಅಲ್ಲಿ ಬಲಿಯಾದದ್ದು ಹಿಟ್ಟಿನ ಕೋಳಿ. ಆದರೂ ಕೊಂದೇನೆಂಬ ಸಂಕಲ್ಪವೂ, ಅದರಿಂದ ಫಲ ದೊರೆಯಲೆಂಬ ಆಸೆಯೂ ಸೇರಿ ಯಶೋಧರನನ್ನೂ ಅವನ ತಾಯಿಯನ್ನೂ ಜನ್ಮಜನ್ಮಾಂತರಗಳಲ್ಲಿ ತಿರುಗಿಸಿದವು. ಕಥೆಯನ್ನು ಹೇಳುವುದೇ ದೋಷವೆಂದು ಇದರ ಅರ್ಥವಲ್ಲ. ಹಾಗಾಗಿದ್ದರೆ ಜನ್ನನೂ ಆ ಬಲಿಯನ್ನು ವರ್ಣಿಸುತ್ತಿರಲಿಲ್ಲ. ಫಲಕ್ಕಾಗಿ ಕೊಲ್ಲುವ ಅಭ್ಯಾಸವನ್ನು ಮನಸ್ಸಿಗೆ ಕಲಿಸುವುದು ದೋಷ. ಕಥೆ ಬೇಡಿದ್ದರಿಂದ ಪಾತ್ರವು ತನ್ನವರನ್ನು ಕಾಪಾಡಲು ಹೋರಾಡುವುದು ಒಂದು. ಅಂಕ ಬೇಕಾಗಿರುವುದರಿಂದಲೇ ಓಡುತ್ತಿರುವವನನ್ನೂ ಅಟ್ಟಿ ಕೊಲ್ಲುವುದು ಇನ್ನೊಂದು. ವಿರೋಧಿ ಹಿಂಸೆಗೂ ಸಂಕಲ್ಪೀ ಹಿಂಸೆಗೂ ಶ್ರಾವಕಾಚಾರವು ಮಾಡಿರುವ ಭೇದ ಇಲ್ಲಿ ದಾರಿ ತೋರಬಲ್ಲದು.

ಇಲ್ಲಿ ನಿರ್ವಾಹಕನ ಹೊಣೆ ಆಟಗಾರನ ಹೊಣೆಗಿಂತ ಕಡಿಮೆಯಲ್ಲ. ಕರ್ಮವು ಕೃತ, ಕಾರಿತ, ಅನುಮತ ಎಂದು ಮೂರು ಬಗೆಯಲ್ಲಿ ಅಂಟುತ್ತದೆಯೆಂದು ತತ್ತ್ವಾರ್ಥಸೂತ್ರವು ತಿಳಿಸುತ್ತದೆ: ತಾನೇ ಮಾಡಿದ್ದು, ಇತರರಿಂದ ಮಾಡಿಸಿದ್ದು, ಮಾಡಿದವರನ್ನು ಮೆಚ್ಚಿದ್ದು. ಅಂಕ ಕೊಡುವುದೆಂದರೆ ಮೆಚ್ಚುವುದು, ಅದು ಅನುಮೋದನೆಯೇ. ಮುಂದಿನ ಕೂಟದಲ್ಲಿ ಆಟಗಾರರು ಏನು ಮಾಡುವರೆಂಬುದನ್ನು ಇಂದಿನ ಅಂಕಗಳು ತೀರ್ಮಾನಿಸುತ್ತವೆ. ಸಂಧಾನಕ್ಕೆ, ಸತ್ಯಕ್ಕೆ, ಸೆರೆಸಿಕ್ಕವನನ್ನು ಕ್ಷಮಿಸಿ ಬಿಟ್ಟದ್ದಕ್ಕೆ ಅಂಕ ಸಂದರೆ, ಅದೇ ದಾಳಗಳು ಬೇರೊಂದು ಕಥೆಯನ್ನು ಹೇಳಬಲ್ಲವು.

ನಮ್ಮಲ್ಲಿಯೂ ಮಟ್ಟಗಳ ಏಣಿಯಿದೆ. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ನಿರೂಪಿಸಿದ ಗುಣಸ್ಥಾನಗಳು 14. ಆದರೆ ಇದು ಗಳಿಕೆಯ ಏಣಿಯಲ್ಲ, ಕಳಚುವಿಕೆಯ ಏಣಿ. ಕಷಾಯಗಳು ಕ್ಷಯವಾದಂತೆಲ್ಲ ಜೀವನು ಮೇಲೇರುತ್ತಾನೆ. ಕಷಾಯಗಳನ್ನು ಅಡಗಿಸಿಟ್ಟು 11ನೆಯ ಸ್ಥಾನವನ್ನು ಮುಟ್ಟಿದ ಮುನಿಯೂ ಅವು ಮತ್ತೆ ತಲೆಯೆತ್ತಿದಾಗ ಕೆಳಗಿಳಿಯಲೇಬೇಕು. ಅವನ್ನು ನಿರ್ಮೂಲ ಮಾಡಿದವನು 10ರಿಂದ ನೇರವಾಗಿ 12ಕ್ಕೆ ಏರುತ್ತಾನೆ, ಮತ್ತೆ ಬೀಳುವುದಿಲ್ಲ. ಕೂಡಿಟ್ಟ ಪುಣ್ಯವೂ ಹೊನ್ನಿನ ಸಂಕೋಲೆಯೆಂದು ಕುಂದಕುಂದಾಚಾರ್ಯರು ಸಮಯಸಾರದಲ್ಲಿ ಎಚ್ಚರಿಸಿದ್ದಾರೆ.

ಈ ಎಚ್ಚರಿಕೆ ಆಟದ ಮೇಜಿಗೆ ಮಾತ್ರ ಸೀಮಿತವಲ್ಲ. ಪಾಠಶಾಲೆಗಳಲ್ಲಿ ಸ್ತೋತ್ರಪಠನಕ್ಕೆ, ಉಪವಾಸಕ್ಕೆ, ಹಾಜರಿಗೆ ಬಹುಮಾನ ಹಂಚುವ ಬಸದಿ ಸಮಿತಿಗಳೂ ಒಂದು ಬಗೆಯ ಅನುಭವದ ಅಂಕಗಳನ್ನೇ ಕೊಡುತ್ತಿವೆ. ಬಹುಮಾನ ತಪ್ಪಲ್ಲ, ಎಳೆಯ ಮನಸ್ಸಿಗೆ ಮೆಚ್ಚುಗೆ ಬೇಕು. ಆದರೆ ಉಪವಾಸಗಳ ಸಂಖ್ಯೆಯನ್ನು ಎಣಿಸುವ ಮಗುವು ನೆರೆಯ ಮಗುವಿಗಿಂತ ತಾನು ಮುಂದೆ ಎಂಬ ಮಾನಕಷಾಯವನ್ನು ಬೆಳೆಸಿಕೊಂಡರೆ, ನಾವು ಕೊಟ್ಟ ಅಂಕ ಯಾವ ಏಣಿಗೆ ಸೇರಿತು? ಅರೆತಿಪ್ಪೂರಿನ ಬೆಟ್ಟಕ್ಕೆ ಮಕ್ಕಳನ್ನು ಕರೆದೊಯ್ಯುವ ಹಿರಿಯರು ಬಾಹುಬಲಿಗೆ ವಂದಿಸಿದ ಬಳಿಕ ಗಂಗರಾಜನ ಕಥೆಯನ್ನೂ ಹೇಳಲಿ. ಬಂದ ಬಹುಮಾನವನ್ನು ಯಾರಿಗೆ ಕೊಡುವೆ ಎಂದು ಮಕ್ಕಳನ್ನು ಅಲ್ಲಿಯೇ ಒಮ್ಮೆ ಕೇಳಲಿ.